ನೀರಿಗೆ ಬಿದ್ದ ಮೊಟ್ಟೆ

ಸಾಕಿದ ಆಮೆ ಮೊಟ್ಟೆ ಇಟ್ಟ ಮನೆಯಲ್ಲಿ ಎರಡು ಮಾತು ಕೇಳಿಬರುತ್ತವೆ. ಮೊದಲ ದಿನ, ‘ಮೊಟ್ಟೆ ಇಟ್ಟಿದೆ, ಅಂದ್ರೆ ನಮ್ಮಲ್ಲಿ ಸುಖವಾಗಿದೆ’. ಮೊಟ್ಟೆ ಒಡೆಯದೆ ನಾರತೊಡಗಿದಾಗ, ‘ಪಾಪ, ಒಂಟಿ ಜೀವ. ಒಂದು ಜೋಡಿ ತಂದು ಬಿಡೋಣ’. ಎರಡೂ ಕರುಣೆಯಿಂದಲೇ ಹುಟ್ಟಿದ ಮಾತು. ಎರಡೂ ತಪ್ಪು.

ನಮ್ಮ ಅಕ್ವೇರಿಯಂ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಕಣ್ಣಿನ ಹಿಂದೆ ಕೆಂಪು ಪಟ್ಟಿಯಿರುವ ರೆಡ್ ಇಯರ್ಡ್ ಸ್ಲೈಡರ್. ಅಮೆರಿಕದ ಮಿಸಿಸಿಪಿ ಸೀಮೆಯದು. ಕೊಳ್ಳುವಾಗ ನಾಣ್ಯದಗಲದ ಹಸಿರು ಮರಿ. ಹೆಣ್ಣಾದರೆ ಕೆಲವೇ ವರ್ಷಗಳಲ್ಲಿ ಊಟದ ತಟ್ಟೆಯಷ್ಟಾಗುತ್ತದೆ. ಪ್ರಾಯಕ್ಕೆ ಬಂದ ಹೆಣ್ಣು ಗಂಡಿನ ಮುಖ ಕಾಣದಿದ್ದರೂ ಕೋಳಿಯ ಹಾಗೆ ಮೊಟ್ಟೆ ಇಡುತ್ತದೆ. ಮೊಟ್ಟೆ ಅದರ ವಯಸ್ಸನ್ನೂ ತಿಂದ ಆಹಾರವನ್ನೂ ಹೇಳೀತು, ಸುಖವನ್ನಲ್ಲ.

ನೀರಿನಲ್ಲೇ ಬಾಳಿದರೂ ಆಮೆ ಮೊಟ್ಟೆ ಇಡಲು ದಡ ಹತ್ತಲೇಬೇಕು. ಹಿಂಗಾಲಿನಿಂದ ಒದ್ದೆ ಮಣ್ಣಿನಲ್ಲಿ ಕುಡಿಕೆಯಂಥ ಗುಂಡಿ ತೋಡಿ, ಮೊಟ್ಟೆ ಇಳಿಸಿ, ಮುಚ್ಚಿ ಹೋಗಿಬಿಡುತ್ತದೆ. ಗಾಜಿನ ತೊಟ್ಟಿಯಲ್ಲಿ ಆ ಮಣ್ಣಿಲ್ಲ. ಹಾಗಾಗಿ ತಡೆದಷ್ಟು ದಿನ ತಡೆಯುತ್ತದೆ. ಮೇವು ಬಿಡುತ್ತದೆ, ಹಗಲೂ ರಾತ್ರಿ ಗಾಜು ಕೆರೆಯುತ್ತದೆ. ನಾವು ಅದನ್ನು ಆಟವೆಂದುಕೊಂಡು ಮೊಬೈಲಿನಲ್ಲಿ ವಿಡಿಯೊ ಮಾಡುತ್ತೇವೆ. ಕೆಲವಕ್ಕೆ ಮೊಟ್ಟೆ ಒಳಗೇ ಕಟ್ಟಿಕೊಂಡು ಕ್ಯಾಲ್ಸಿಯಂ, ಆಕ್ಸಿಟೋಸಿನ್ ಚುಚ್ಚುಮದ್ದು ಬೇಕಾಗುತ್ತದೆ, ಕೆಲವಕ್ಕೆ ಶಸ್ತ್ರಚಿಕಿತ್ಸೆ, ಕೆಲವು ಸಾಯುತ್ತವೆ. ಕೊನೆಗೆ ಸೋತು ನೀರಿಗೇ ಇಟ್ಟ ಮೊಟ್ಟೆಯೊಳಗೆ ಜೀವವಿದ್ದರೂ ಉಸಿರುಕಟ್ಟಿ ಹೋಗುತ್ತದೆ.

ಇನ್ನು ಜೋಡಿ. ಗಂಡು ಸ್ಲೈಡರ್ ಮುಂಗಾಲಿನ ಉದ್ದ ಉಗುರುಗಳನ್ನು ಹೆಣ್ಣಿನ ಮುಖದೆದುರು ಪಟಪಟನೆ ಅಲುಗಿಸಿ ಓಲೈಸುತ್ತದೆ. ನದಿಯಲ್ಲಾದರೆ ಬೇಡವೆಂದ ಹೆಣ್ಣು ಈಜಿ ದೂರ ಹೋದೀತು. ಮೂರಡಿಯ ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ವರ್ಷಗಟ್ಟಲೆ ಒಳಗೇ ಕಾಪಿಟ್ಟುಕೊಳ್ಳಬಲ್ಲದು, ಸಂಗಾತಿ ಬೇಕೆಂದು ಕೊರಗುವ ಪ್ರಾಣಿಯೇ ಅಲ್ಲ. ದಾಂಪತ್ಯದ ಚಿಂತೆ ನಮ್ಮದು.

ಜೋಡಿಯೊಂದಿದ್ದರೆ ಸಾಕು ಎನ್ನುವವರು ಚೀನಾದ ಸುಝೌ ಮೃಗಾಲಯದ ಕತೆ ಕೇಳಬೇಕು. ಯಾಂಗ್ಟ್ಸಿ ದೈತ್ಯ ಮೆದುಚಿಪ್ಪಿನ ಆಮೆಗಳಲ್ಲಿ ಬೆರಳೆಣಿಕೆಯಷ್ಟೇ ಉಳಿದಿದ್ದಾಗ, 2008ರಲ್ಲಿ ಚಾಂಗ್‌ಶಾದ ಹೆಣ್ಣನ್ನು ಸುಝೌನ ಮುದಿ ಗಂಡಿನ ಬಳಿಗೆ ಒಯ್ದರು. ಮೊಟ್ಟೆಗಳೇನೋ ಆದವು, ಮರಿ ಒಂದೂ ಆಗಲಿಲ್ಲ. ಗಂಡಿನ ಜನನಾಂಗಕ್ಕೆ ಎಂದೋ ಪೆಟ್ಟಾಗಿದ್ದು ಗೊತ್ತಾದದ್ದು 2015ರಲ್ಲಿ. ಐದನೆಯ ಕೃತಕ ಗರ್ಭಧಾರಣೆಯ ಪ್ರಯತ್ನವಾದ ಮೇಲೆ, 2019ರ ಏಪ್ರಿಲ್‌ನಲ್ಲಿ, ಹೆಣ್ಣು ಸತ್ತಿತು. ಅದೇ ಸುಂದರಬನದ ಸಜ್ನೇಖಾಲಿಯಲ್ಲಿ ನೋಡಿ. ಅಲ್ಲಿನ ಕೊಳದಲ್ಲಿ ಬಟಗುರ್ ಬಸ್ಕಾ ಆಮೆಗಳು, ಗಂಡು ಹೆಣ್ಣು ಎರಡೂ, ಮೊದಲಿಂದ ಇದ್ದವು. ದಡದಲ್ಲಿ ಮೊಟ್ಟೆಯಿಡಲು ಮರಳು ಹಾಸಿಕೊಟ್ಟರು. 2012ರಲ್ಲಿ ಮರಿಗಳಾದವು.

ಆಮೆ ದೂರದಿಂದ ನೆನೆದೇ ಮರಿ ಮಾಡುತ್ತದೆ ಎಂದು ನಮ್ಮ ಹಿರಿಯರು ಗುರುವಿನ ಕೃಪೆಗೆ ಹೋಲಿಕೆ ಕೊಡುತ್ತಿದ್ದರು. ನೆನೆಯುವುದೇನೋ ಸುಳ್ಳಿರಬಹುದು, ಆದರೆ ಅವರು ತಾಯಿ ದೂರ, ಮೊಟ್ಟೆ ದಡದಲ್ಲಿ ಎಂಬುದನ್ನು ಸರಿಯಾಗಿ ಕಂಡಿದ್ದರು. ಕಾವು ಕೊಡುವುದು ಮರಳು. ಮರಿ ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದೂ ಅದರ ಬಿಸಿಯೇ: ಸ್ಲೈಡರ್‌ಗೆ 26 ಡಿಗ್ರಿಯ ಆಸುಪಾಸಿನಲ್ಲಿ ಗಂಡು, 31 ದಾಟಿದರೆ ಹೆಣ್ಣು.

‘ಹಾಗಾದರೆ ಮಣ್ಣು ಹಾಕಿ ಮರಿ ಮಾಡಿಸೋಣ’ ಎಂದೀರಿ. ಬೇಡ. ಸ್ಲೈಡರ್ ಇಪ್ಪತ್ತು ಮೂವತ್ತು ವರ್ಷ ಬದುಕುವ ಪ್ರಾಣಿ. ಹತ್ತು ಮರಿಗಳನ್ನು ಯಾರಿಗೆ ಕೊಡುತ್ತೀರಿ? ತೊಟ್ಟಿ ಸಾಲದಾದಾಗ ಪುಣ್ಯವೆಂದುಕೊಂಡು ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಡುವವರಿದ್ದಾರೆ. ಅಲ್ಲಿ ಅದು ನಮ್ಮ ನೆಲದ ಆಮೆಗಳ ಮೇವಿಗೂ ಬಿಸಿಲು ಕಾಯುವ ಬಂಡೆಗೂ ಪಾಲುದಾರ. ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ.

ಮರಿ ಬೇಡ, ಆದರೆ ತಾಯಿಗೆ ಮಣ್ಣು ಕೊಡಿ: ಒಂದಡಿ ಆಳದ ಟಬ್ಬು, ಒದ್ದೆ ಮಣ್ಣು ಮರಳು, ಮೇಲೊಂದು ಬಲ್ಬು. ಇಟ್ಟ ಮೊಟ್ಟೆಗಳನ್ನು, ಮರಿಯಾಗದಂತೆ, ಅದೇ ದಿನ ಫ್ರೀಜರ್‌ನಲ್ಲಿಡಿ. ಕಟುಕತನ ಎನ್ನಬೇಡಿ, ಬೆಳಗ್ಗೆ ಆಮ್ಲೆಟ್ ತಿಂದವರು ನಾವು.