ಮನೆ ಬಿಟ್ಟ ಯಾತ್ರಿಕ: ಬನ್ಯನ್‌ನ ಕೃತಿಯಲ್ಲಿ ಶಿಷ್ಯತ್ವದ ಕಲ್ಪನೆ ಮತ್ತು ಜನಪದ ಕಥನ ವಿನ್ಯಾಸ

1. ಪೀಠಿಕೆ

ಕ್ರೈಸ್ತ ಧರ್ಮದಲ್ಲಿ ಶಿಷ್ಯತ್ವವೆಂಬುದು ಒಂದು ಸಿದ್ಧಾಂತವನ್ನು ಒಪ್ಪಿಕೊಳ್ಳುವುದಕ್ಕಿಂತ ಹೆಚ್ಚಾಗಿ ಗುರುವಿನ ಹಿಂದೆ ನಡೆಯುವ ಕ್ರಿಯೆಯಾಗಿದೆ. ಸುವಾರ್ತೆಗಳಲ್ಲಿ ಯೇಸುವಿನ ಕರೆಗೆ ಓಗೊಟ್ಟವರು ಬಲೆಯನ್ನೋ ದೋಣಿಯನ್ನೋ ಸುಂಕದ ಕಟ್ಟೆಯನ್ನೋ ಬಿಟ್ಟು ಹೊರಡುತ್ತಾರೆ. ಅಪೊಸ್ತಲರ ಕೃತ್ಯಗಳಲ್ಲಿ ಈ ಹೊಸ ಜೀವನಕ್ರಮಕ್ಕೆ ‘ಮಾರ್ಗ’ ಎಂಬ ಹೆಸರೇ ಬಂದಿದೆ. ಹೀಗೆ ನಡಿಗೆ ಮತ್ತು ದಾರಿಯ ರೂಪಕಗಳು ಈ ಧರ್ಮದ ಭಕ್ತಿಜೀವನದ ಕಲ್ಪನೆಯೊಂದಿಗೆ ಮೊದಲಿನಿಂದಲೂ ಬೆಸೆದುಕೊಂಡಿವೆ. ಆ ರೂಪಕವನ್ನು ಪೂರ್ಣ ಪ್ರಮಾಣದ ಕಥೆಯಾಗಿ ಬೆಳೆಸಿದ ಕೃತಿಗಳಲ್ಲಿ ಜಾನ್ ಬನ್ಯನ್‌ನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಅಗ್ರಗಣ್ಯವಾದುದು. ಇದರ ಮೊದಲ ಭಾಗವು 1678ರಲ್ಲಿಯೂ ಎರಡನೆಯ ಭಾಗವು 1684ರಲ್ಲಿಯೂ ಪ್ರಕಟವಾದವು. ಇನ್ನೂರಕ್ಕೂ ಮಿಕ್ಕಿದ ಭಾಷೆಗಳಿಗೆ ಅನುವಾದಗೊಂಡಿರುವ ಈ ಕೃತಿಯನ್ನು ಬಾಸೆಲ್ ಮಿಶನ್ನಿನವರು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು.

ಧರ್ಮಶಾಸ್ತ್ರದ ದೃಷ್ಟಿಯಿಂದ ಈ ಕೃತಿಯ ಚರ್ಚೆ ಸಾಕಷ್ಟು ನಡೆದಿದೆ. ಜನಪದ ಕಥನದ ದೃಷ್ಟಿಯಿಂದ ನೋಡಿದಾಗ ಮತ್ತೊಂದು ಪ್ರಶ್ನೆ ಎದುರಾಗುತ್ತದೆ. ಮೋಕ್ಷವನ್ನರಸಿ ಮನೆ ಬಿಟ್ಟು ಹೋದವನ ಭಕ್ತಿಯನ್ನು ಮನೆಯಲ್ಲಿ ಉಳಿದವರ ಕಡೆಯಿಂದ ಅಳೆಯುವುದು ಹೇಗೆ? ಈ ಪ್ರಶ್ನೆಯನ್ನು ಕೃತಿಯ ಹೊರಗಿನಿಂದ ತಂದು ಹೇರಬೇಕಾಗಿಲ್ಲ. ಎರಡು ಭಾಗಗಳನ್ನೂ ಒಟ್ಟಿಗೆ ಓದಿದಾಗ ಬನ್ಯನ್ ತಾನೇ ಇದರೊಂದಿಗೆ ಸೆಣಸಿದುದು ಸ್ಪಷ್ಟವಾಗುತ್ತದೆ.

2. ಕರ್ತೃವಿನ ಹಿನ್ನೆಲೆ

ಬನ್ಯನ್ 1628ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್ ಸಮೀಪದ ಎಲ್‌ಸ್ಟೋ ಎಂಬ ಹಳ್ಳಿಯಲ್ಲಿ ಜನಿಸಿದನು. ಒಡೆದ ಪಾತ್ರೆಗಳಿಗೆ ಬೆಸುಗೆ ಹಾಕುವುದು ತಂದೆಯ ಕಸುಬು; ಮಗನೂ ಅದನ್ನೇ ಮುಂದುವರಿಸಿದನು. ವಿಶ್ವವಿದ್ಯಾಲಯದ ಶಿಕ್ಷಣ ಅವನಿಗೆ ದೊರೆತಿರಲಿಲ್ಲ. ಸಂತೆಗಳಲ್ಲಿ ಅಗ್ಗದ ಬೆಲೆಗೆ ಮಾರಾಟವಾಗುತ್ತಿದ್ದ ಲಾವಣಿಗಳು ಮತ್ತು ವೀರಕಥೆಗಳೇ ಅವನ ತಾರುಣ್ಯದ ಓದು. ಸಂತ ಜಾರ್ಜನ ಕಥೆ, ಸೌತಾಂಪ್ಟನ್ನಿನ ಬೆವಿಸ್‌ನ ಕಥೆ ಮೊದಲಾದವುಗಳಲ್ಲಿ ಬೈಬಲ್ಲಿಗಿಂತ ಹೆಚ್ಚಿನ ರುಚಿ ಕಾಣುವ ಮನೋಭಾವವನ್ನು ಅವನು 1658ರ ಒಂದು ಬರಹದಲ್ಲಿ ಪಶ್ಚಾತ್ತಾಪದ ಧ್ವನಿಯಲ್ಲಿ ಪ್ರಸ್ತಾಪಿಸುತ್ತಾನೆ. ಆದರೆ ಹೀಗೆ ತೊರೆದ ಕಥೆಗಳೇ ಮುಂದೆ ಅವನ ಶ್ರೇಷ್ಠ ಕೃತಿಗೆ ಒಡಲನ್ನು ಒದಗಿಸಿದವು. ರಾಕ್ಷಸರು, ಸಿಂಹಗಳು, ಕೋಟೆ, ಮಾಯದ ನೆಲ, ಖಡ್ಗಯುದ್ಧ ಇವೆಲ್ಲವೂ ಆ ಮೂಲದಿಂದಲೇ ಬಂದವು.

ಅಧಿಕೃತ ಚರ್ಚಿನ ಅನುಮತಿಯಿಲ್ಲದೆ ಬೋಧಿಸಿದ ಕಾರಣಕ್ಕೆ ಬನ್ಯನ್‌ನನ್ನು 1660ರಲ್ಲಿ ಬಂಧಿಸಲಾಯಿತು. ಬೋಧಿಸುವುದಿಲ್ಲವೆಂದು ಮಾತು ಕೊಟ್ಟಿದ್ದರೆ ಬಿಡುಗಡೆ ಸಾಧ್ಯವಿತ್ತು. ಅವನು ಆ ಮಾತು ಕೊಡಲಿಲ್ಲವಾದ್ದರಿಂದ 1672ರವರೆಗೆ ಸೆರೆವಾಸ ಅನುಭವಿಸಬೇಕಾಯಿತು. ಆಗ ಅವನ ಮನೆಯಲ್ಲಿ ಎರಡನೆಯ ಹೆಂಡತಿ ಎಲಿಜಬೆತ್ ಹಾಗೂ ಮೊದಲ ಹೆಂಡತಿಯ ನಾಲ್ವರು ಮಕ್ಕಳಿದ್ದರು. ಅವರಲ್ಲಿ ಹಿರಿಯವಳಾದ ಮೇರಿ ಹುಟ್ಟುಗುರುಡಿ. ಎಲಿಜಬೆತ್ 1661ರಲ್ಲಿ ಬೆಡ್‌ಫರ್ಡಿನ ನ್ಯಾಯಾಧೀಶರ ಮುಂದೆ ನಿಂತು ಗಂಡನ ಪರವಾಗಿ ವಾದಿಸಿದಳು. ಸೆರೆಯಲ್ಲಿದ್ದ ಗಂಡನು ಲಾಡಿಗಳ ತುದಿಗೆ ಲೋಹದ ಮೊನೆ ಕಟ್ಟುವ ಕೆಲಸ ಮಾಡಿ ಮನೆಯವರ ಹೊಟ್ಟೆಪಾಡಿಗೆ ನೆರವಾದನು. 1666ರಲ್ಲಿ ಪ್ರಕಟವಾದ ತನ್ನ ಆತ್ಮಚರಿತ್ರೆಯಲ್ಲಿ, ಹೆಂಡತಿ ಮಕ್ಕಳಿಂದ ಅಗಲಿಕೆಯು ಎಲುಬಿನಿಂದ ಮಾಂಸವನ್ನು ಕಿತ್ತಂತೆ ಇತ್ತೆಂಬ ಅರ್ಥದ ಮಾತುಗಳನ್ನಾಡುವ ಅವನು, ಕುರುಡು ಮಗಳ ಚಿಂತೆ ತನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿತೆಂದು ಹೇಳಿಕೊಳ್ಳುತ್ತಾನೆ. ತನ್ನ ನಂಬಿಕೆಯ ನಿಲುವಿನಿಂದ ತನ್ನ ಮನೆಯನ್ನು ತಾನೇ ಕೆಡವುತ್ತಿರುವೆನೆಂಬ ಅರಿವು ಅವನಿಗಿತ್ತು. ಯಾತ್ರಿಕನ ಕಥೆಯನ್ನು ಈ ಅರಿವಿನ ಬೆಳಕಿನಲ್ಲಿ ಓದಬೇಕಾಗುತ್ತದೆ.

3. ಕಥೆಯ ಆಶಯಗಳು ಮತ್ತು ಅವುಗಳ ಕ್ರಮ

ಕಥಾನಾಯಕನಾದ ಕ್ರೈಸ್ತನು ಬೆನ್ನ ಮೇಲೆ ಹೊರೆ ಹೊತ್ತು, ಕೈಯಲ್ಲಿ ಗ್ರಂಥ ಹಿಡಿದು ವಿನಾಶಪುರದಿಂದ ಹೊರಡುತ್ತಾನೆ. ಕೆಸರಿನಲ್ಲಿ ಸಿಲುಕಿ, ಇಕ್ಕಟ್ಟಾದ ಬಾಗಿಲನ್ನು ದಾಟಿ, ಶಿಲುಬೆಯ ಬಳಿಗೆ ಬಂದಾಗ ಹೊರೆ ತಾನಾಗಿಯೇ ಕಳಚಿ ಬೀಳುತ್ತದೆ. ಅಲ್ಲಿ ಅವನಿಗೆ ಹೊಸ ಉಡುಪು, ಹಣೆಯ ಮೇಲೊಂದು ಗುರುತು, ಮುದ್ರೆ ಒತ್ತಿದ ಒಂದು ಸುರುಳಿ ದೊರೆಯುತ್ತವೆ. ಅನಂತರ ಅಪೊಲ್ಲುವೋನನೊಡನೆ ಯುದ್ಧ, ಮರಣಾಂಧಕಾರದ ಕಣಿವೆ, ಜೊತೆಗಾರನಾದ ನಂಬಿಗಸ್ತನು ಮಾಯಾಜಾತ್ರೆಯಲ್ಲಿ ಹುತಾತ್ಮನಾಗುವುದು, ಸಂದೇಹದ ಕೋಟೆಯಲ್ಲಿ ಸೆರೆ, ಕೊನೆಗೆ ನದಿ ದಾಟಿ ಸ್ವರ್ಗಪುರ ಪ್ರವೇಶ ಎಂಬ ಕ್ರಮದಲ್ಲಿ ಕಥೆ ಸಾಗುತ್ತದೆ.

ರಷ್ಯದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಕಿನ್ನರ ಕಥೆಗಳ ರಚನೆಯನ್ನು 31 ಕ್ರಿಯಾಘಟಕಗಳಲ್ಲಿ ವಿವರಿಸಿದ್ದಾನೆ. ಕೊರತೆಯ ಅರಿವು, ನಿರ್ಗಮನ, ದಾನಿಯ ಭೇಟಿ, ಮಾಂತ್ರಿಕ ವಸ್ತುವಿನ ಪ್ರಾಪ್ತಿ, ಹೋರಾಟ, ಮೈಮೇಲೆ ಗುರುತು ಮೂಡುವುದು, ವಿಜಯ, ಮರಳಿ ಬರುವಿಕೆ, ಹೊಸ ರೂಪ ಅಥವಾ ಹೊಸ ಉಡುಪು, ಪಟ್ಟಾಭಿಷೇಕ ಮುಂತಾದವು ಅವುಗಳಲ್ಲಿ ಮುಖ್ಯವಾದವು. ಬನ್ಯನ್‌ನ ಕಥೆಯಲ್ಲಿ ಇವುಗಳಲ್ಲಿ ಹೆಚ್ಚಿನವು ಕಂಡುಬರುತ್ತವೆ. ಆದರೆ ಕ್ರಮದಲ್ಲಿ ಎರಡು ಮಹತ್ವದ ಪಲ್ಲಟಗಳಾಗಿವೆ.

ಮೊದಲನೆಯದು, ಗುರುತು ಮತ್ತು ಉಡುಪುಗಳ ಸ್ಥಾನಕ್ಕೆ ಸಂಬಂಧಿಸಿದುದು. ಜನಪದ ಕಥೆಯ ನಾಯಕನಿಗೆ ಗುರುತು ಬೀಳುವುದು ಹೋರಾಟದಲ್ಲಿ. ಹೊಸ ಉಡುಪು ಸಿಗುವುದು ಪರೀಕ್ಷೆಗಳೆಲ್ಲ ಮುಗಿದ ಮೇಲೆ. ಅವು ಅವನ ಪರಾಕ್ರಮದ ಫಲ. ಕ್ರೈಸ್ತನಿಗಾದರೋ ಅವೆರಡೂ ಖಡ್ಗ ಹಿಡಿಯುವುದಕ್ಕೆ ಮುಂಚೆಯೇ, ಶಿಲುಬೆಯ ಬುಡದಲ್ಲಿ ದೊರೆಯುತ್ತವೆ. ಕೃಪೆ ಮೊದಲು, ಸಾಧನೆ ಅನಂತರ ಎಂಬ ಪ್ರಾಟೆಸ್ಟೆಂಟ್ ನಿಲುವನ್ನು ಬನ್ಯನ್ ವಾದದಿಂದ ಸ್ಥಾಪಿಸುವ ಬದಲು ಕಥೆಯ ಘಟಕಗಳ ಸ್ಥಾನ ಬದಲಾಯಿಸಿ ತೋರಿಸುತ್ತಾನೆ. ಬಹುಮಾನವನ್ನು ಮೊದಲೇ ಪಡೆದವನಿಗೆ ಮುಂದಿನ ದಾರಿಯಲ್ಲಿ ಉಳಿಯುವುದು ಅದಕ್ಕೆ ತಕ್ಕವನಾಗಿ ಬದುಕುವ ಹೊಣೆ. ಕಷ್ಟಗಿರಿಯ ಲತಾಮಂಟಪದಲ್ಲಿ ನಿದ್ರೆಹೋಗಿ ಸುರುಳಿಯನ್ನು ಕಳೆದುಕೊಂಡ ಕ್ರೈಸ್ತನು ಅದನ್ನು ಹುಡುಕುತ್ತ ನಡೆದ ದಾರಿಯನ್ನೇ ಮತ್ತೆ ನಡೆಯಬೇಕಾಗುವ ಪ್ರಸಂಗವು ಈ ಹೊಣೆಯನ್ನು ಚೆನ್ನಾಗಿ ಸೂಚಿಸುತ್ತದೆ.

ಎರಡನೆಯ ಪಲ್ಲಟವೆಂದರೆ ಮರಳಿ ಬರುವಿಕೆ ಇಲ್ಲದಿರುವುದು. ಜನಪದ ನಾಯಕನು ಎಷ್ಟೇ ದೂರ ಹೋಗಲಿ, ಗಳಿಸಿದ್ದನ್ನು ಊರಿಗೆ ತರುತ್ತಾನೆ. ಕ್ರೈಸ್ತನು ಹಿಂದಿರುಗುವುದಿಲ್ಲ. ಈ ಸಂದರ್ಭದಲ್ಲಿ ಕನ್ನಡದ ಶೀರ್ಷಿಕೆಯನ್ನು ಗಮನಿಸಬಹುದು. ಕನ್ನಡದಲ್ಲಿ ‘ಯಾತ್ರಿಕ’ನೆಂದರೆ ಸಾಮಾನ್ಯವಾಗಿ ಕ್ಷೇತ್ರದರ್ಶನ ಮಾಡಿ ಮನೆಗೆ ಮರಳುವವನು. ಕಾಶಿಗೆ ಹೋದವನು ಗಂಗೆಯನ್ನು ತಂದು ನಂಟರಿಷ್ಟರಿಗೆ ಸಮಾರಾಧನೆ ಮಾಡಿದ ಮೇಲೆಯೇ ಯಾತ್ರೆ ಮುಗಿದಂತೆ. ಹೀಗಾಗಿ ಮರಳಿ ಬಾರದ ಈ ಯಾತ್ರಿಕನ ಕಥೆಯು ಕನ್ನಡದ ಓದುಗನಲ್ಲಿ ಮೂಲದಲ್ಲಿಲ್ಲದ ಒಂದು ನಿರೀಕ್ಷೆಯನ್ನು ಹುಟ್ಟಿಸಿ ಅದನ್ನು ಈಡೇರಿಸದೆ ಬಿಡುತ್ತದೆ.

4. ಮನೆಯವರ ಪ್ರಶ್ನೆ

ಕ್ರೈಸ್ತನು ಹೊರಡುವ ಚಿತ್ರ ಕಠೋರವಾದುದು. ಹೆಂಡತಿ ಮಕ್ಕಳು ಹಿಂದಿರುಗೆಂದು ಕೂಗುತ್ತಿದ್ದಾಗ ಅವನು ಕಿವಿಗಳಲ್ಲಿ ಬೆರಳಿಟ್ಟುಕೊಂಡು, ಜೀವ ಬೇಕೆಂದು ಕೂಗುತ್ತ ಓಡುತ್ತಾನೆ. ಬನ್ಯನ್ ಅಂಚಿನಲ್ಲಿ ಲೂಕನ ಸುವಾರ್ತೆಯ 14ನೆಯ ಅಧ್ಯಾಯವನ್ನು ಉಲ್ಲೇಖಿಸಿ ಇದನ್ನು ಸಮರ್ಥಿಸುತ್ತಾನೆ. ಶಿಷ್ಯನಾಗಬೇಕಾದವನು ತಂದೆತಾಯಿ, ಹೆಂಡತಿ ಮಕ್ಕಳಿಗಿಂತಲೂ ಗುರುವನ್ನು ಮೇಲೆಣಿಸಬೇಕೆಂಬುದು ಆ ಭಾಗದ ತಾತ್ಪರ್ಯ. ಆದರೆ ಸ್ವಂತ ಮನೆಯವರನ್ನು ಪೋಷಿಸದವನು ನಂಬದವನಿಗಿಂತಲೂ ಕೀಳೆಂಬ ತಾತ್ಪರ್ಯದ ಮಾತು ಅದೇ ಬೈಬಲ್ಲಿನಲ್ಲಿ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದಲ್ಲಿದೆ. ಭಕ್ತಿಜೀವನದ ಈ ಎರಡು ಬೇಡಿಕೆಗಳ ನಡುವಿನ ಎಳೆದಾಟವನ್ನು ಮೊದಲ ಮುದ್ರಣವು ಬಗೆಹರಿಸದೆ ಬಿಟ್ಟಿತ್ತು.

ಅದೇ 1678ರಲ್ಲಿ ಹೊರಬಂದ ಎರಡನೆಯ ಮುದ್ರಣದಲ್ಲಿ ಬನ್ಯನ್ ಕೆಲವು ಭಾಗಗಳನ್ನು ಹೊಸದಾಗಿ ಸೇರಿಸಿದನು. ಅವುಗಳಲ್ಲಿ ಮನೋಹರ ಅರಮನೆಯ ಪ್ರೀತಿ ಎಂಬಾಕೆಯ ಸಂಭಾಷಣೆ ಮುಖ್ಯವಾದುದು. ನಿನಗೆ ಸಂಸಾರವಿದೆಯೇ, ಅವರನ್ನೇಕೆ ಕರೆತರಲಿಲ್ಲ ಎಂದು ಅವಳು ನೇರವಾಗಿ ಕೇಳುತ್ತಾಳೆ. ಕ್ರೈಸ್ತನು ಅಳುತ್ತಾನೆ. ಅವರಿಗೆ ಎಚ್ಚರಿಕೆ ಹೇಳಿದೆಯಾ, ಪ್ರಾರ್ಥಿಸಿದೆಯಾ, ನಿನ್ನ ನಡತೆಯೇ ನಿನ್ನ ಮಾತನ್ನು ಹಾಳುಮಾಡಿತೇ ಎಂದು ಅವಳ ವಿಚಾರಣೆ ಮುಂದುವರಿಯುತ್ತದೆ. ಕೊನೆಗೆ ಅವಳು ಅವನನ್ನು ದೋಷಮುಕ್ತನೆಂದು ಭಾವಿಸಿದರೂ, ಲೇಖಕನು ಈ ಪ್ರಶ್ನಾವಳಿಯನ್ನು ಮರಳಿ ಬಂದು ಸೇರಿಸಿದ್ದಾನೆಂಬ ಸಂಗತಿಯೇ ಕಥೆಯಲ್ಲಿ ಉತ್ತರ ಬೇಡುವ ಒಂದು ತೆರವು ಇದ್ದುದನ್ನು ತೋರಿಸುತ್ತದೆ.

ವಾಚಾಳಿಯ ಪ್ರಸಂಗವು ಈ ಪ್ರಶ್ನೆಗೆ ಮತ್ತೊಂದು ಮುಖವನ್ನು ಒದಗಿಸುತ್ತದೆ. ಧರ್ಮದ ವಿಷಯವನ್ನು ಸೊಗಸಾಗಿ ಮಾತನಾಡುವ ಈತನನ್ನು ನಂಬಿಗಸ್ತನು ಮೆಚ್ಚಿಕೊಂಡಾಗ, ಅವನ ಮನೆಯವರನ್ನು ಕೇಳಿ ನೋಡೆಂದು ಕ್ರೈಸ್ತನು ಎಚ್ಚರಿಸುತ್ತಾನೆ. ಹೊರಗೆ ಸಂತ, ಒಳಗೆ ಪಿಶಾಚಿ ಎಂಬ ಆಶಯದ ಜನಸಾಮಾನ್ಯರ ಗಾದೆಯೊಂದನ್ನು ಅವನು ಬಳಸುತ್ತಾನೆ. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬ ಕನ್ನಡದ ಗಾದೆಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಮನೆಯೇ ಭಕ್ತಿಯ ಒರೆಗಲ್ಲು ಎಂಬ ಈ ಜಾನಪದ ವಿವೇಕವನ್ನು ಆಡುವವನು ಮನೆ ಬಿಟ್ಟು ಬಂದ ಕ್ರೈಸ್ತನೇ ಆಗಿರುವುದು ಕೃತಿಯ ಅತ್ಯಂತ ಸೂಕ್ಷ್ಮ ವಿರೋಧಾಭಾಸವಾಗಿದೆ.

ಗೋವಿನ ಹಾಡನ್ನು ಕೇಳುತ್ತ ಬೆಳೆದವರಿಗೆ ಈ ವಿರೋಧಾಭಾಸ ಇನ್ನಷ್ಟು ತೀವ್ರವಾಗಿ ತೋರಬಹುದು. ಪುಣ್ಯಕೋಟಿಯೂ ಒಂದು ಪರಮ ನಿಷ್ಠೆಗಾಗಿ ಕರುವನ್ನು ಬಿಟ್ಟು ಹೋಗುತ್ತಾಳೆ. ಆದರೆ ಹೋಗುವ ಮುನ್ನ ಹಟ್ಟಿಗೆ ಬಂದು, ಹಾಲೂಡಿ, ಕರುವನ್ನು ಒಡನಾಡಿ ಹಸುಗಳಿಗೆ ಒಪ್ಪಿಸುತ್ತಾಳೆ. ಅವಳು ಹೋಗುವುದು ಸಾವಿಗೆ. ಕ್ರೈಸ್ತನು ಓಡುವುದು ಜೀವಕ್ಕಾಗಿ. ಎರಡು ಪರಂಪರೆಗಳ ತತ್ತ್ವಗಳು ಬೇರೆಯಾಗಿರುವುದರಿಂದ ಇಲ್ಲಿ ಮೇಲುಕೀಳಿನ ತೀರ್ಮಾನ ಸಲ್ಲದು. ಆದರೂ ತ್ಯಾಗಿಯು ಉಳಿದವರ ವ್ಯವಸ್ಥೆ ಮಾಡಿ ಹೊರಡಬೇಕೆಂಬ ಕನ್ನಡ ಜನಪದದ ಧರ್ಮಪ್ರಜ್ಞೆಯು ಪ್ರೀತಿಯ ಪ್ರಶ್ನೆಗೆ ಬಲವನ್ನು ಕೊಡುತ್ತದೆ.

5. ಎರಡನೆಯ ಭಾಗ: ಕಥೆಯ ಮರಳುವಿಕೆ

ಪ್ರೀತಿಯ ಪ್ರಶ್ನೆಗೆ ನಿಜವಾದ ಉತ್ತರ ಎರಡನೆಯ ಭಾಗದಲ್ಲಿದೆ. ವಿಮರ್ಶಕರಲ್ಲಿ ಅನೇಕರು ಇದನ್ನು ಮೊದಲ ಭಾಗದ ಸಪ್ಪೆಯಾದ ಮುಂದುವರಿಕೆಯೆಂದು ಬದಿಗಿಟ್ಟಿದ್ದಾರೆ. ಸಾಹಸದ ತೀವ್ರತೆ ಇಲ್ಲಿ ಕಡಿಮೆಯೆಂಬುದು ನಿಜ. ಆದರೆ ಶಿಷ್ಯತ್ವದ ಕಲ್ಪನೆಯನ್ನು ಪೂರ್ಣಗೊಳಿಸುವುದು ಈ ಭಾಗವೇ.

ಕ್ರೈಸ್ತನ ಹೆಂಡತಿ ಕ್ರಿಸ್ಟಿಯಾನಾ ನಾಲ್ವರು ಗಂಡುಮಕ್ಕಳನ್ನೂ ನೆರೆಯವಳಾದ ಕರುಣೆಯನ್ನೂ ಕೂಡಿಕೊಂಡು ಹೊರಡುತ್ತಾಳೆ. ಗಂಡ ಒಂಟಿಯಾಗಿ ಓಡಿದ ದಾರಿಯಲ್ಲಿ ಒಂದು ಗುಂಪು ಮಕ್ಕಳ ಹೆಜ್ಜೆಗೆ ಹೊಂದಿಕೊಂಡು ನಡೆಯುತ್ತದೆ. ಮಹಾಹೃದಯನೆಂಬ ಬೆಂಗಾವಲಿನವನು ಅವರಿಗೆ ಸ್ಥಳಗಳನ್ನು ತೋರಿಸುತ್ತಾನೆ. ಅಪೊಲ್ಲುವೋನನೊಡನೆ ಯುದ್ಧ ನಡೆದ ಕಣಿವೆಯಲ್ಲಿ ಕಲ್ಲುಗಳ ಮೇಲೆ ಕ್ರೈಸ್ತನ ರಕ್ತದ ಕಲೆಗಳಿವೆ, ಮುರಿದ ಬಾಣಗಳ ಚೂರುಗಳಿವೆ, ಸ್ಮಾರಕವೊಂದು ನಿಂತಿದೆ. ಇದು ಸ್ಥಳ ಐತಿಹ್ಯ ಹುಟ್ಟುವ ಬಗೆ. ವೀರನು ಬಿದ್ದ ಎಡೆಯಲ್ಲಿ ಕಲ್ಲು ನಿಲ್ಲಿಸಿ ಕಥೆ ಹೇಳುವ ಪದ್ಧತಿಯನ್ನು ಬಲ್ಲ ಕನ್ನಡಿಗರಿಗೆ ಇದು ಅಪರಿಚಿತವೆನಿಸದು. ಮೊದಲ ಭಾಗದಲ್ಲಿ ತಪ್ಪಿಹೋದ ಮರಳುವಿಕೆ ಇಲ್ಲಿ ಬೇರೊಂದು ರೂಪದಲ್ಲಿ ನಡೆಯುತ್ತದೆ. ಯಾತ್ರಿಕನು ಮನೆಗೆ ಮರಳಲಿಲ್ಲ. ಅವನ ಕಥೆ ಮರಳಿತು, ಮನೆಯವರನ್ನು ದಾರಿಗೆ ತಂದಿತು.

ಈ ಗುಂಪಿನಲ್ಲಿ ಊರುಗೋಲು ಹಿಡಿದ ಕುಂಟನಿದ್ದಾನೆ, ದುರ್ಬಲಚಿತ್ತನಿದ್ದಾನೆ, ಖಿನ್ನನಾದ ತಂದೆ ಮತ್ತು ಅಂಜುಬುರುಕಿಯಾದ ಮಗಳಿದ್ದಾರೆ. ಅವರಲ್ಲಿ ಯಾರನ್ನೂ ಹಿಂದೆ ಬಿಡುವುದಿಲ್ಲ. ಕ್ರೈಸ್ತನನ್ನು ಸೆರೆಯಲ್ಲಿಟ್ಟಿದ್ದ ಹತಾಶೆ ರಾಕ್ಷಸನನ್ನು ಇವರ ಕಾಲದಲ್ಲಿ ಕೊಂದು ಕೋಟೆಯನ್ನು ಕೆಡವಲಾಗುತ್ತದೆ. ಒಬ್ಬನು ತಪ್ಪಿಸಿಕೊಂಡು ಪಾರಾದ ಅಪಾಯವನ್ನು ಸಮೂಹವು ಮುಂದಿನವರಿಗಾಗಿ ನಿವಾರಿಸುತ್ತದೆ. ಕರುಣೆಯು ಬಿಡುವಿನಲ್ಲೆಲ್ಲ ಬಡವರಿಗಾಗಿ ಬಟ್ಟೆ ಹೊಲಿಯುತ್ತಾಳೆ. ಅವಳನ್ನು ಮದುವೆಯಾಗಲು ಬಂದವನೊಬ್ಬನು, ಹೊಲಿದದ್ದು ಹಣಕ್ಕಲ್ಲ, ದಾನಕ್ಕೆಂದು ತಿಳಿದು ಹಿಂದೆ ಸರಿಯುತ್ತಾನೆ. ಸೆರೆಮನೆಯಲ್ಲಿ ಲಾಡಿ ಕಟ್ಟಿದ ಬನ್ಯನ್‌ಗೆ ಕೈಕೆಲಸದ ಭಕ್ತಿ ಎಂತಹುದೆಂಬುದು ತಿಳಿದಿತ್ತು.

6. ಕೃತಿಯ ಮಿತಿ

ಇಷ್ಟಾದರೂ ಕೃತಿಯ ಒಂದು ಮಿತಿಯನ್ನು ಹೇಳಲೇಬೇಕು. ಮೊದಲ ಭಾಗದ ಕೊನೆಯಲ್ಲಿ ಅಜ್ಞಾನಿ ಎಂಬವನು ಸ್ವರ್ಗದ ಬಾಗಿಲವರೆಗೂ ಬರುತ್ತಾನೆ. ಅವನು ಪ್ರಾರ್ಥಿಸಿದವನು, ಉಪವಾಸ ಮಾಡಿದವನು, ದಾನ ಕೊಟ್ಟವನು. ಇಕ್ಕಟ್ಟಾದ ಬಾಗಿಲಿನಿಂದ ಬರದೆ ಅಡ್ಡದಾರಿಯಿಂದ ಬಂದನೆಂಬ, ಕೈಯಲ್ಲಿ ಸುರುಳಿಯಿಲ್ಲವೆಂಬ ಕಾರಣಕ್ಕೆ ಅವನ ಕೈಕಾಲು ಕಟ್ಟಿ ನರಕದ ಬಾಗಿಲಿಗೆ ತಳ್ಳಲಾಗುತ್ತದೆ. ಪುಣ್ಯದ ಲೆಕ್ಕವೇ ಭಕ್ತಿಯಲ್ಲವೆಂಬ ಎಚ್ಚರಿಕೆ ಇಲ್ಲಿ ಸಂಗತವಾದುದೇ. ಆದರೆ ದಾರಿಯುದ್ದಕ್ಕೂ ಕ್ರೈಸ್ತನು ಅವನೊಂದಿಗೆ ವಾದಿಸಿ, ಆಮೇಲೆ ಹಿಂದೆ ಬಿಟ್ಟು ಹೋಗುತ್ತಾನೆಯೇ ಹೊರತು ಕೈಹಿಡಿದು ನಡೆಸುವುದಿಲ್ಲ. ದುರ್ಬಲರನ್ನು ಕಾದು ನಡೆಸುವ ಮಹಾಹೃದಯನಂಥವನು ಮೊದಲ ಭಾಗದಲ್ಲಿ ಇದ್ದಿದ್ದರೆ ಅಜ್ಞಾನಿಯ ಗತಿ ಏನಾಗುತ್ತಿತ್ತೆಂದು ಓದುಗನು ಕೇಳಿಕೊಳ್ಳದಿರಲಾರನು. ಎರಡನೆಯ ಭಾಗವು ಈ ಕಾಠಿಣ್ಯವನ್ನು ತಿದ್ದುತ್ತದೆಯಾದರೂ ಅಜ್ಞಾನಿಯನ್ನು ಮತ್ತೆ ನೆನೆಯುವುದಿಲ್ಲ.

7. ಉಪಸಂಹಾರ

ಕ್ರೈಸ್ತ ಶಿಷ್ಯತ್ವದ ಎರಡು ಮಾದರಿಗಳು ಈ ಕೃತಿಯಲ್ಲಿವೆ. ಮೊದಲನೆಯದರಲ್ಲಿ ಕರೆ ಕೇಳಿದವನು ಎಲ್ಲವನ್ನೂ ಬಿಟ್ಟು ಏಕಾಂಗಿಯಾಗಿ ಓಡುತ್ತಾನೆ. ಎರಡನೆಯದರಲ್ಲಿ ಕುಟುಂಬವೂ ನೆರೆಹೊರೆಯೂ ಅಶಕ್ತರೂ ಕೂಡಿ ನಡೆಯುತ್ತಾರೆ. ಮೊದಲನೆಯದಿಲ್ಲದೆ ಎರಡನೆಯದು ಹುಟ್ಟುತ್ತಿರಲಿಲ್ಲ. ಎರಡನೆಯದಿಲ್ಲದಿದ್ದರೆ ಮೊದಲನೆಯದು ಸ್ವಂತ ಜೀವದ ರಕ್ಷಣೆಯಾಗಿ ಮಾತ್ರ ಉಳಿಯುತ್ತಿತ್ತು. ಓದುಗರ ನೆನಪಿನಲ್ಲಿ ಮೊದಲ ಭಾಗವೇ ಹೆಚ್ಚಾಗಿ ಉಳಿದಿರುವುದರಿಂದ, ಭಕ್ತಿಜೀವನವೆಂದರೆ ಒಂಟಿ ಹೋರಾಟವೆಂಬ ಕಲ್ಪನೆಯೇ ಬನ್ಯನ್‌ನದೆಂಬ ಭಾವನೆ ಬಲಗೊಂಡಿದೆ. ಜನಪದ ಕಥನದ ದೃಷ್ಟಿ ಈ ಭಾವನೆಯನ್ನು ಮರುಪರಿಶೀಲಿಸಲು ನೆರವಾಗುತ್ತದೆ. ಕೃತಿಯ ಕೊನೆಯಲ್ಲಿ ಕ್ರಿಸ್ಟಿಯಾನಾ ನದಿಯನ್ನು ದಾಟುತ್ತಾಳೆ. ಅವಳ ಗಂಡುಮಕ್ಕಳೂ ಸೊಸೆಯರೂ ಮೊಮ್ಮಕ್ಕಳೂ ಈಚೆ ದಡದಲ್ಲಿಯೇ ಉಳಿದು ಅಲ್ಲಿನ ಸಭೆಯನ್ನು ಬೆಳೆಸುತ್ತ ಬದುಕುತ್ತಾರೆ. ದಾಟುವ ಸರದಿ ಬರುವವರೆಗೆ ಈಚೆ ದಡದಲ್ಲಿ ಸಂಸಾರ ನಡೆಸುವುದೂ ಯಾತ್ರೆಯ ಭಾಗವೆಂಬುದು ಬನ್ಯನ್ ತನ್ನ ಕಥೆಗೆ ಕೊಟ್ಟ ಕೊನೆಯ ತಿದ್ದುಪಡಿಯಾಗಿದೆ.