ಒರಳಿನಲ್ಲಿ ಹುಟ್ಟುವ ಸೋಮ್ ತಾಮ್

ಬ್ಯಾಂಕಾಕಿನ ಊಟದಂಗಡಿಗಳಲ್ಲಿ ‘ಪೊಕ್ ಪೊಕ್’ ಸದ್ದು ಕೇಳಿಸಿತೆಂದರೆ ಸೋಮ್ ತಾಮ್ ತಯಾರಾಗುತ್ತಿದೆ ಎಂದೇ ಲೆಕ್ಕ. ಎಳೆಎಳೆಯಾಗಿ ಹೆಚ್ಚಿದ ಪಪ್ಪಾಯಿ ಕಾಯಿಯ ಈ ಖಾದ್ಯದ ಗುಟ್ಟು ಆಳವಾದ ಮಣ್ಣಿನ ಒರಳು, ಮರದ ಒನಕೆಯಲ್ಲಿದೆ. ಮೊದಲು ಬೆಳ್ಳುಳ್ಳಿ, ಮೆಣಸಿನಕಾಯಿ. ಆಮೇಲೆ ತಾಳೆಬೆಲ್ಲ, ಅಲಸಂದೆ ಕಾಯಿ, ಟೊಮೆಟೊ, ಕಡಲೆಕಾಯಿ ಬೀಜ, ನಿಂಬೆರಸ, ಮೀನಿನ ಸಾಸ್. ಪಪ್ಪಾಯಿ ಬೀಳುವುದು ಕೊನೆಗೆ. ಅದನ್ನು ಜಜ್ಜಬಾರದು, ಮೆಲ್ಲಗೆ ಕುಟ್ಟುತ್ತ ಚಮಚದಿಂದ ಮಗುಚಬೇಕು. ರಸ ಹೀರಿಯೂ ಗರಿಗರಿ ಉಳಿಯಬೇಕು.

ಈಶಾನ್ಯ ಥಾಯ್ಲೆಂಡಿನ ಈಸಾನ್ ಪ್ರಾಂತ್ಯದವರು ಇದಕ್ಕೆ ಹುದುಗಿಸಿದ ಮೀನಿನ ರಸ ಸುರಿದು, ಅಂಟಕ್ಕಿ ಅನ್ನ, ಸುಟ್ಟ ಕೋಳಿಯೊಂದಿಗೆ ತಿನ್ನುತ್ತಾರೆ. (ಆ ವಾಸನೆ ಎಲ್ಲರಿಗೂ ಒಗ್ಗುವಂಥದ್ದಲ್ಲ!) ತಮಾಷೆಯೆಂದರೆ ಪಪ್ಪಾಯಿ, ಮೆಣಸಿನಕಾಯಿ, ಟೊಮೆಟೊ, ಕಡಲೆಕಾಯಿ ನಾಲ್ಕೂ ಅಮೆರಿಕ ಖಂಡದಿಂದ ಬಂದವು.

ಮನೆಯಲ್ಲಿ ಮಾಡುವವರು ಮಿಕ್ಸಿಯನ್ನು ದೂರವಿಡಿ. ಸಸ್ಯಾಹಾರಿಗಳಿಗೆ ಮೀನಿನ ಸಾಸಿನ ಬದಲು ಸೋಯಾ ಸಾಸ್ ನಡೆಯುತ್ತದೆ. ನಿಂಬೆರಸದಲ್ಲಿ ಮಾತ್ರ ಜಿಪುಣತನ ಬೇಡ.