ಅಶ್ರುವಿನ ಔಚಿತ್ಯ: ‘ದಿ ಕ್ರೌನ್’ ಧಾರಾವಾಹಿಯ ‘ಅಬರ್‌ವ್ಯಾನ್’ ಪ್ರಸಂಗ

ಭರತಮುನಿಯು ಎಣಿಸಿದ ಎಂಟು ಸಾತ್ತ್ವಿಕಭಾವಗಳಲ್ಲಿ ಅಶ್ರುವೂ ಒಂದು. ಕೈಕಾಲುಗಳ ಚಲನೆಯನ್ನು ನಟನು ಅಭ್ಯಾಸದಿಂದ ಸಾಧಿಸಬಹುದು, ಮಾತನ್ನು ಕಂಠಪಾಠ ಮಾಡಬಹುದು. ಕಣ್ಣೀರು ಮಾತ್ರ ಹಾಗೆ ಕೈವಶವಾಗುವ ವಸ್ತುವಲ್ಲ. ದುಃಖವಿಲ್ಲದವನು ದುಃಖದ ಕಣ್ಣೀರನ್ನು ಹೇಗೆ ತಂದಾನು ಎಂಬ ಪ್ರಶ್ನೆಯನ್ನು ನಾಟ್ಯಶಾಸ್ತ್ರವೇ ಎತ್ತಿಕೊಂಡು, ಸತ್ತ್ವವೆಂಬುದು ಮನಸ್ಸಿನ ಏಕಾಗ್ರತೆಯಿಂದ ಹುಟ್ಟುವುದೆಂದು ಸಮಾಧಾನ ಹೇಳಿದೆ. ನಟನ ಮಟ್ಟಿಗೆ ಈ ಸಮಾಧಾನ ಸಾಕು. ಆದರೆ ನಟನಲ್ಲದ ವ್ಯಕ್ತಿಯೊಬ್ಬರನ್ನು, ಅದರಲ್ಲಿಯೂ ಸಿಂಹಾಸನದ ಮೇಲೆ ಕುಳಿತವರನ್ನು, ‘ನೀವೇಕೆ ಅಳಲಿಲ್ಲ?’ ಎಂದು ಲೋಕವು ಕೇಳತೊಡಗಿದರೆ ಅದಕ್ಕೆ ಯಾವ ಶಾಸ್ತ್ರದಿಂದ ಉತ್ತರ ಹೇಳಬೇಕು? ಒಂದು ಆಂಗ್ಲ ಧಾರಾವಾಹಿಯ ಒಂದೇ ಕಂತು ಈ ಪ್ರಶ್ನೆಯನ್ನು ಎಬ್ಬಿಸಿತು. ಅದರ ಅಭಿಮಾನಿಗಳು ಅದನ್ನು ಹಿಡಿದು ನಡೆಸಿದ ಚರ್ಚೆ ಸಾಹಿತ್ಯವಿದ್ಯಾರ್ಥಿಗಳು ಗಮನಿಸತಕ್ಕದ್ದಾಗಿದೆ.

ಪೀಟರ್ ಮಾರ್ಗನ್ ಅವರು ರಚಿಸಿದ ‘ದಿ ಕ್ರೌನ್’ ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ಅವರ ಆಳ್ವಿಕೆಯ ಕಥೆ. ನೆಟ್‌ಫ್ಲಿಕ್ಸ್ ಸಂಸ್ಥೆಯು 2016ರಿಂದ 2023ರವರೆಗೆ ಅದನ್ನು ಆರು ಭಾಗಗಳಲ್ಲಿ, 60 ಕಂತುಗಳಲ್ಲಿ ಹೊರತಂದಿತು. ನಮಗೆ ಪ್ರಕೃತವಾದದ್ದು 2019ರ ನವೆಂಬರ್ 17ರಂದು ಬಿಡುಗಡೆಯಾದ ಮೂರನೆಯ ಭಾಗದ ಮೂರನೆಯ ಕಂತು. ಅದರ ಹೆಸರು ‘ಅಬರ್‌ವ್ಯಾನ್’. ಬೆಂಜಮಿನ್ ಕ್ಯಾರನ್ ನಿರ್ದೇಶಕರು. ರಾಣಿಯ ಪಾತ್ರದಲ್ಲಿ ಒಲಿವಿಯಾ ಕೋಲ್ಮನ್, ಪ್ರಧಾನಿ ಹೆರಾಲ್ಡ್ ವಿಲ್ಸನ್ನರ ಪಾತ್ರದಲ್ಲಿ ಜೇಸನ್ ವಾಟ್ಕಿನ್ಸ್. (ಪಾತ್ರವನ್ನು ಕುರಿತು ಹೇಳುವಾಗ ‘ಆಕೆ’ ಎಂದೂ ಚರಿತ್ರೆಯ ವ್ಯಕ್ತಿಯನ್ನು ಕುರಿತು ಹೇಳುವಾಗ ‘ಅವರು’ ಎಂದೂ ಈ ಲೇಖನದಲ್ಲಿ ಬಳಸಿದೆ. ಇವೆರಡನ್ನೂ ಬೆರೆಸಿದ್ದರಿಂದಲೇ ಚರ್ಚೆಯಲ್ಲಿ ಬಹಳಷ್ಟು ಗೊಂದಲ ಹುಟ್ಟಿದೆ.)

ಇತಿವೃತ್ತವನ್ನು ಮೊದಲು ತಿಳಿಯಬೇಕು. ಅಬರ್‌ವ್ಯಾನ್ ದಕ್ಷಿಣ ವೇಲ್ಸಿನಲ್ಲಿ ಮರ್ಥರ್ ಟಿಡ್ವಿಲ್ ಪಟ್ಟಣಕ್ಕೆ ಸಮೀಪದ ಗಣಿಗಾರರ ಹಳ್ಳಿ. ಊರಿನ ಮೇಲಿನ ಬೆಟ್ಟದಲ್ಲಿ ಕಲ್ಲಿದ್ದಲ ಗಣಿಯ ಕಸವನ್ನು ದಶಕಗಳಿಂದ ರಾಶಿ ಹಾಕುತ್ತ ಬಂದಿದ್ದರು. 1958ರಲ್ಲಿ ಆರಂಭಿಸಿದ ಏಳನೆಯ ರಾಶಿಯನ್ನು ನೀರಿನ ಒರತೆಯ ಮೇಲೆಯೇ ಹಾಕಲಾಯಿತು. ಶಾಲೆಯ ಹಿಂಭಾಗದಲ್ಲಿ ಗಣಿಕೆಸರು ಸುರಿಯುವುದು ಅಪಾಯಕರವೆಂದು ಸ್ಥಳೀಯ ಪುರಸಭೆಯ ಎಂಜಿನಿಯರರು 1963ರಲ್ಲಿಯೇ ಬರೆದಿದ್ದರು. 1966ರ ಅಕ್ಟೋಬರ್ 21, ಶುಕ್ರವಾರ, ಬೆಳಿಗ್ಗೆ 9-15ರ ಸುಮಾರಿಗೆ, ಮಳೆಯಿಂದ ನೆನೆದ ಆ ರಾಶಿ ಜಾರಿ ಕಪ್ಪು ಕೆಸರಿನ ಪ್ರವಾಹವಾಗಿ ಪ್ಯಾಂಟ್‌ಗ್ಲಾಸ್ ಪ್ರಾಥಮಿಕ ಶಾಲೆಯನ್ನೂ ಪಕ್ಕದ ಮನೆಗಳನ್ನೂ ಹೂಳಿತು. 116 ಮಕ್ಕಳು, 28 ಹಿರಿಯರು, ಒಟ್ಟು 144 ಮಂದಿ ಸತ್ತರು. ಅಂದು ಮಧ್ಯಾಹ್ನದಿಂದ ಮಕ್ಕಳಿಗೆ ರಜೆ ಆರಂಭವಾಗಬೇಕಿತ್ತು. ರಾಣಿಯವರ ಪತಿ ಫಿಲಿಪ್ ಮರುದಿನವೇ ಸ್ಥಳಕ್ಕೆ ಹೋದರು. ರಾಣಿಯವರು ಹೋದದ್ದು ಅಕ್ಟೋಬರ್ 29ರಂದು, ಎಂಟು ದಿನಗಳ ಮೇಲೆ.

ಈ ಕಂತಿನ ಪೂರ್ವಭಾಗ ಇಡೀ ಧಾರಾವಾಹಿಯಲ್ಲಿಯೇ ಅತ್ಯುತ್ಕೃಷ್ಟವಾದುದೆಂದು ನನ್ನ ಅಭಿಪ್ರಾಯ. ಅಲ್ಲಿ ಅರಮನೆಯಿಲ್ಲ. ಮಕ್ಕಳು ಮರುದಿನದ ಪ್ರಾರ್ಥನೆಗೆ ಹಾಡನ್ನು ಅಭ್ಯಾಸ ಮಾಡುತ್ತಾರೆ, ಮಳೆ ಸುರಿಯುತ್ತದೆ, ಬೆಟ್ಟ ಸುಮ್ಮನೆ ನಿಂತಿರುತ್ತದೆ. ನಡೆಯಲಿರುವುದು ನೋಡುವವನಿಗೆ ಗೊತ್ತು, ಮಕ್ಕಳಿಗೆ ಗೊತ್ತಿಲ್ಲ. ವಿಭಾವಗಳನ್ನು ಇಷ್ಟು ಮಿತವಾಗಿ ಜೋಡಿಸಿ ಕರುಣಕ್ಕೆ ನೆಲೆ ಕಟ್ಟುವುದು ಸಾಮಾನ್ಯರಿಗೆ ಆಗತಕ್ಕದ್ದಲ್ಲ. ಅನಂತರ ಕಥೆ ಲಂಡನ್ನಿಗೆ ತಿರುಗುತ್ತದೆ. ರಾಣಿ ಹೋಗಲು ಹಿಂಜರಿಯುತ್ತಾಳೆ. ಹೋದಾಗ ಒಣಗಿದ ಕಣ್ಣಿಗೆ ಕರವಸ್ತ್ರವನ್ನು ಒತ್ತಿಕೊಳ್ಳುತ್ತಾಳೆ. ಹಿಂದಿರುಗಿ ಪ್ರಧಾನಿಯ ಎದುರು, ಅಳಬೇಕಾದಲ್ಲಿ ತನಗೆ ಅಳು ಬರುವುದಿಲ್ಲ, ತನ್ನಲ್ಲಿ ಏನೋ ಕೊರತೆಯಿದೆ ಎಂದು ಒಪ್ಪಿಕೊಳ್ಳುತ್ತಾಳೆ. ಜನರ ಮುಂದೆ ಪೈಪು ಸೇದುವ ತಾನು ಖಾಸಗಿಯಲ್ಲಿ ಸಿಗಾರ್ ಸೇದುವವನೆಂದು ಹೇಳಿ ವಿಲ್ಸನ್ ಆಕೆಯನ್ನು ಸಂತೈಸುತ್ತಾನೆ. ಕೊನೆಯಲ್ಲಿ ಏಕಾಂತದಲ್ಲಿ, ಶವಸಂಸ್ಕಾರದ ದಿನ ಊರವರು ಹಾಡಿದ ಪ್ರಾರ್ಥನಾಗೀತದ ಮುದ್ರಣವನ್ನು ಕೇಳುತ್ತಿರುವಾಗ ಆಕೆಯ ಕಣ್ಣಿನಿಂದ ಹನಿಯೊಂದು ಇಳಿಯುತ್ತದೆ.

ಅಭಿಮಾನಿಗಳು ಎರಡು ಪಕ್ಷವಾದರು. ಒಂದು ಪಕ್ಷದವರ ಆಕ್ಷೇಪ ಇದು: ಒಣಕಣ್ಣನ್ನು ಒರೆಸಿಕೊಂಡರೆಂದು ತೋರಿಸುವುದು ಅಪಚಾರ, ಆ ದಿನದ ಛಾಯಾಚಿತ್ರಗಳಲ್ಲಿ ರಾಣಿಯವರ ಮುಖ ಬಾಡಿರುವುದು ಯಾರಿಗೂ ಕಾಣುತ್ತದೆ, ಜೀವಂತವಾಗಿರುವ ವ್ಯಕ್ತಿಯ ಅಂತರಂಗವನ್ನು ಹೀಗೆ ಬರೆಯಲು ಯಾರಿಗೆ ಅಧಿಕಾರ? (ರಾಣಿಯವರು ತೀರಿಕೊಂಡದ್ದು 2022ರ ಸೆಪ್ಟೆಂಬರ್ 8ರಂದು, ಕಂತು ಬಂದಾಗ ಅವರು ಇದ್ದರು.) ಇನ್ನೊಂದು ಪಕ್ಷದವರು, ರಾಣಿಯನ್ನು ಅಳದವಳನ್ನಾಗಿ ಮಾಡಿದ್ದರಿಂದಲೇ ಆಕೆಯ ಮೇಲೆ ತಮಗೆ ಮರುಕ ಹುಟ್ಟಿತು, ಕೊನೆಯ ಹನಿಗೆ ಬೆಲೆ ಬಂದದ್ದು ಅದರಿಂದಲೇ ಎಂದರು. ದುರಂತದ ಹೆಸರನ್ನೇ ಮೊದಲ ಬಾರಿಗೆ ಈ ಕಂತಿನಿಂದ ತಿಳಿದೆವೆಂದು ಹೇಳಿದವರೂ ಅನೇಕರಿದ್ದರು. ಅವರು ಪಕ್ಷ ಹಿಡಿಯಲಿಲ್ಲ, ಚರಿತ್ರೆಯ ಪುಸ್ತಕಗಳನ್ನು ಹುಡುಕಿಕೊಂಡು ಹೋದರು.

ಮೊದಲನೆಯ ಆಕ್ಷೇಪವನ್ನು ಪರಿಶೀಲಿಸೋಣ. ನಡೆದುದನ್ನು ನಡೆದಂತೆ ಹೇಳುವುದು ಇತಿಹಾಸದ ಕೆಲಸ. ರಸಕ್ಕೆ ಅಡ್ಡಬರುವ ಇತಿವೃತ್ತವನ್ನು ಬಿಟ್ಟು ಬೇರೊಂದನ್ನು ಕಲ್ಪಿಸಿಕೊಳ್ಳಲು ಕವಿ ಸ್ವತಂತ್ರ. ಇದು ಆನಂದವರ್ಧನನ ಮತ. ಶಾಕುಂತಲದ ದುರ್ವಾಸಶಾಪ ಮಹಾಭಾರತದಲ್ಲಿಲ್ಲ, ಅದು ಕಾಳಿದಾಸನ ಕಲ್ಪನೆ. ಕುಂತಕನು ಅದನ್ನು ಪ್ರಕರಣವಕ್ರತೆಯ ಉದಾಹರಣೆಯಾಗಿ ಕೊಂಡಾಡಿದ್ದಾನೆ. ಹೀಗಿರಲಾಗಿ ಮಾರ್ಗನ್ನರು ಒಣಕಣ್ಣನ್ನು ಕಲ್ಪಿಸಿದರೆಂಬ ಮಾತ್ರಕ್ಕೆ ದೋಷ ಹೇಳುವುದು ನ್ಯಾಯವಲ್ಲ. 2020ರಲ್ಲಿ ನಾಲ್ಕನೆಯ ಭಾಗ ಬಂದಾಗ ಬ್ರಿಟನ್ನಿನ ಸಂಸ್ಕೃತಿ ಸಚಿವ ಆಲಿವರ್ ಡೌಡನ್ ಅವರು, ಇದು ಕಲ್ಪಿತ ಕಥೆಯೆಂಬ ಸೂಚನೆಯನ್ನು ಸೇರಿಸಬೇಕೆಂದು ಕೇಳಿದರು. 2022ರಲ್ಲಿ ಹಿರಿಯ ನಟಿ ಜೂಡಿ ಡೆಂಚ್ ಅವರೂ ಪತ್ರಿಕೆಗೆ ಬರೆದು ಅದನ್ನೇ ಒತ್ತಾಯಿಸಿದರು. ಅಂಥ ಸೂಚನೆಯಿಂದ ಅಪಾರ್ಥ ತಪ್ಪಬಹುದು; ಕಾವ್ಯದ ಗುಣದೋಷ ಅದರಿಂದ ನಿರ್ಣಯವಾಗುವುದಿಲ್ಲ. ಕಲ್ಪನೆ ಯಾವ ರಸಕ್ಕೆ ಅಂಗವಾಯಿತೆಂಬುದನ್ನು ನೋಡಬೇಕು.

ಇದರ ನಡುವೆ ಒಂದು ಸ್ವಾರಸ್ಯವಾದ ಸಂಗತಿ. ಕೋಲ್ಮನ್ ಅವರಿಗೆ ಇಂಥ ದೃಶ್ಯಗಳಲ್ಲಿ ಅಳು ತಡೆಯುವುದೇ ಕಷ್ಟವಾಗಿತ್ತಂತೆ. ಕಿವಿಯಲ್ಲಿ ಸಣ್ಣದೊಂದು ಯಂತ್ರವಿಟ್ಟು, ರೇಡಿಯೊದಲ್ಲಿ ನಾವಿಕರಿಗಾಗಿ ಓದುವ ಸಮುದ್ರದ ಹವಾವರ್ತಮಾನವನ್ನು ಕೇಳಿಸಿ ಅವರ ಮನಸ್ಸನ್ನು ಬೇರೆಡೆಗೆ ಸೆಳೆಯಬೇಕಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಭರತನು ಸಮಾಹಿತಮನಸ್ಸಿನಿಂದ ಅಶ್ರುವನ್ನು ತರಬೇಕೆಂದ. ಇಲ್ಲಿ ಅಶ್ರುವನ್ನು ತಡೆಯಲು ಮನಸ್ಸನ್ನು ಚದುರಿಸಬೇಕಾಯಿತು. ಅಳುವ ನಟಿ ಅಳದ ರಾಣಿಯಾಗಿ ಕಾಣಿಸಿಕೊಂಡಿದ್ದರಿಂದಲೇ ಆ ಒಣಕಣ್ಣಿನ ಹಿಂದೆ ಏನೋ ತುಂಬಿದೆಯೆಂದು ನೋಡುವವನಿಗೆ ಅನ್ನಿಸುತ್ತದೆ. ಇಷ್ಟರಮಟ್ಟಿಗೆ ಎರಡನೆಯ ಪಕ್ಷದವರ ಮೆಚ್ಚುಗೆ ಸರಿಯಾದುದೇ.

ಆದರೆ ಎರಡು ಪಕ್ಷಗಳೂ ಬೇರೊಂದು ಮಾತನ್ನು ಗಮನಿಸಲಿಲ್ಲ. ಕರುಣರಸಕ್ಕೆ ಶೋಕವು ಸ್ಥಾಯಿ. ಮಡಿದ ಮಕ್ಕಳು ಆಲಂಬನ. ಆ ಶೋಕಕ್ಕೆ ಆಶ್ರಯ ಯಾರು? ಕಂತಿನ ಪೂರ್ವಭಾಗದಲ್ಲಿ ಊರಿನ ತಾಯಿತಂದೆಗಳು. ಉತ್ತರಭಾಗದಲ್ಲಿ ಅವರು ಹಿಂದಕ್ಕೆ ಸರಿದು ಆಶ್ರಯಸ್ಥಾನದಲ್ಲಿ ರಾಣಿಯೊಬ್ಬಳೇ ಉಳಿಯುತ್ತಾಳೆ. ಆಕೆಯಲ್ಲಿರುವುದಾದರೂ ಮಕ್ಕಳ ಶೋಕವಲ್ಲ, ತನಗೆ ಶೋಕ ಬರಲಿಲ್ಲವೆಂಬ ಆತ್ಮಗ್ಲಾನಿ. ಗ್ಲಾನಿ ಸಂಚಾರಿಭಾವ, ಅದು ಸ್ಥಾಯಿಯ ಪೀಠವನ್ನು ಏರಿ ಕುಳಿತಿದೆ. 144 ಸಾವುಗಳು ಒಬ್ಬ ರಾಣಿಯ ಅಂತರಂಗಶೋಧನೆಗೆ ಉದ್ದೀಪನವಾಗಿ ಬಿಡುತ್ತವೆ. ಪ್ರೇಕ್ಷಕನು ಕೊನೆಗೆ ಮರುಗುವುದು ಅರಮನೆಯಲ್ಲಿ ಕುಳಿತ ಹೆಂಗಸಿಗಾಗಿ. ರಸಭಂಗಕ್ಕೆ ಅನೌಚಿತ್ಯದಷ್ಟು ದೊಡ್ಡ ಕಾರಣ ಬೇರೊಂದಿಲ್ಲವೆಂದು ಪ್ರಾಚೀನರು ಹೇಳಿದ್ದು ಇಂಥ ಎಡೆಗಾಗಿಯೇ.

ಅಳಬಾರದ ಅರಸನ ಚಿತ್ರ ನಮ್ಮ ಓದುಗರಿಗೆ ಹೊಸದಲ್ಲ. ರಾಘವಾಂಕನ ಹರಿಶ್ಚಂದ್ರಕಾವ್ಯದ ಶ್ಮಶಾನಪ್ರಸಂಗವನ್ನು ನೆನೆಯಬಹುದು. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಚಂದ್ರಮತಿ ಇರುಳಿನಲ್ಲಿ ಹುಡುಕಿ ಎತ್ತಿಕೊಂಡು ಬರುತ್ತಾಳೆ. ಸುಡುಗಾಡಿನ ಕಾವಲಿನಲ್ಲಿರುವ ಗಂಡನೇ ಅವಳನ್ನು ತಡೆಯುತ್ತಾನೆ. ಮಗನೆಂದು ಗುರುತು ಸಿಕ್ಕ ಮೇಲೂ ಒಡೆಯನಿಗೆ ಸಲ್ಲಬೇಕಾದ ತೆರೆಯನ್ನು ಬಿಡಲಾರ. ಅಲ್ಲಿಯೂ ಒಬ್ಬ ಅರಸನು ದುಃಖವನ್ನು ನುಂಗಿಕೊಳ್ಳಬೇಕಾದ ಸಂಕಟವಿದೆ. ಆದರೆ ರಾಘವಾಂಕನು ಆ ಸಂಕಟವನ್ನು ತೋರಿಸುವುದಕ್ಕಾಗಿ ತಾಯಿಯನ್ನು ಪಕ್ಕಕ್ಕೆ ತಳ್ಳಲಿಲ್ಲ. ಚಂದ್ರಮತಿಯ ಪ್ರಲಾಪ ಮೊದಲು ನಮ್ಮನ್ನು ತುಂಬುತ್ತದೆ. ಅದು ತುಂಬಿದ್ದರಿಂದಲೇ ಹರಿಶ್ಚಂದ್ರನ ಬಿಗಿಹಿಡಿತದ ಭಾರ ನಮಗೆ ತಿಳಿಯುತ್ತದೆ. ಅಬರ್‌ವ್ಯಾನಿನ ತಾಯಂದಿರಿಗೆ ಈ ಕಂತು ಅಷ್ಟು ಹೊತ್ತು ಕೊಡುವುದಿಲ್ಲ.

ಇನ್ನೂ ಒಂದು ವಿಚಾರವಿದೆ. ಪ್ರಧಾನಿಯ ಆಪ್ತವಲಯದವರು, ಸರ್ಕಾರದ ಮೇಲೆ ಬರುವ ಆಪಾದನೆಯನ್ನು ತಪ್ಪಿಸಲು ಜನರ ಸಿಟ್ಟನ್ನು ರಾಣಿಯ ಗೈರುಹಾಜರಿಯ ಕಡೆಗೆ ತಿರುಗಿಸುವ ಉಪಾಯವನ್ನು ಈ ಕಂತಿನಲ್ಲಿಯೇ ಆಲೋಚಿಸುತ್ತಾರೆ. ಬಹಳ ಸೂಕ್ಷ್ಮವಾದ ಕಲ್ಪನೆ. ಆದರೆ ಅನಂತರ ನಾಟಕವೂ ಅದೇ ಉಪಾಯಕ್ಕೆ ಬಲಿಯಾಗಿದೆ. ನಮ್ಮ ಕಣ್ಣನ್ನೂ ಅದು ಬೆಟ್ಟದಿಂದ ತಿರುಗಿಸಿ ರಾಣಿಯ ಕರವಸ್ತ್ರದ ಮೇಲೆ ನಿಲ್ಲಿಸುತ್ತದೆ. ಅಭಿಮಾನಿಗಳ ಚರ್ಚೆಯೂ ಅಲ್ಲಿಯೇ ನಿಂತಿತು. ನ್ಯಾಯಮೂರ್ತಿ ಎಡ್ಮಂಡ್ ಡೇವೀಸರ ವಿಚಾರಣಾಮಂಡಲಿ 76 ದಿನ ಕುಳಿತು 136 ಸಾಕ್ಷಿಗಳನ್ನು ಕೇಳಿ, 1967ರ ಆಗಸ್ಟ್‌ನಲ್ಲಿ ಹೊಣೆಯನ್ನು ರಾಷ್ಟ್ರೀಯ ಕಲ್ಲಿದ್ದಲು ಮಂಡಲಿಯ ಮೇಲೆ ಹೊರಿಸಿತು. ಆ ಮಂಡಲಿಯ ಅಧ್ಯಕ್ಷ ಲಾರ್ಡ್ ರಾಬೆನ್ಸ್ ದುರಂತದ ದಿನ ಸರ್ರೆ ವಿಶ್ವವಿದ್ಯಾಲಯದ ಕುಲಪತಿಯಾಗಿ ಪೀಠವೇರುವ ಸಮಾರಂಭಕ್ಕೆ ಹೋಗಿದ್ದರು. ಹಳ್ಳಿಗೆ ಬಂದದ್ದು ಮರುದಿನ ಸಂಜೆ. ಅವರು ಅತ್ತರೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಮರಣವಿಚಾರಣೆಯಲ್ಲಿ ಒಬ್ಬ ತಂದೆ, ತನ್ನ ಮಗುವಿನ ಸಾವಿಗೆ ಕಾರಣವೆಂದು ‘ಕಲ್ಲಿದ್ದಲು ಮಂಡಲಿಯಿಂದ ಜೀವಂತ ಹೂಳಲ್ಪಟ್ಟದ್ದು’ ಎಂದು ಬರೆಯಬೇಕೆಂದು ಪಟ್ಟು ಹಿಡಿದ. ಶೋಕವೂ ಕ್ರೋಧವೂ ಒಂದೇ ಕಂಠದಲ್ಲಿ ಕೂಡಿದ ಆ ಮಾತಿಗಿಂತ ನಾಟಕಕಾರನಿಗೆ ಬೇರೆ ಯಾವ ವಸ್ತು ಬೇಕಾಗಿತ್ತು?

ಕಣ್ಣೀರನ್ನು ಅಳೆಯುವ ಕೆಲಸ ನಿಜವಾಗಿ ನಡೆದದ್ದೂ ಉಂಟು, ಅದು ಅರಮನೆಯಲ್ಲಿ ಅಲ್ಲ. ಲೋಕದ ನಾನಾ ಕಡೆಯಿಂದ ಹರಿದುಬಂದ ಸುಮಾರು 17.5 ಲಕ್ಷ ಪೌಂಡುಗಳ ಪರಿಹಾರನಿಧಿಯಿಂದ ಮಕ್ಕಳನ್ನು ಕಳೆದುಕೊಂಡ ಕುಟುಂಬಗಳಿಗೆ ಹಣ ಕೊಡುವ ಪ್ರಸ್ತಾಪ ಬಂದಾಗ, ದಾನನಿಧಿಗಳ ಮೇಲ್ವಿಚಾರಣೆ ನಡೆಸುವ ಚಾರಿಟಿ ಕಮಿಷನ್, ತಂದೆತಾಯಿಗಳು ತಮ್ಮ ಮಗುವಿಗೆ ಎಷ್ಟು ಹತ್ತಿರದವರಾಗಿದ್ದರು, ಅವರಿಗೆ ಮನೋವ್ಯಥೆಯಾಗಿರುವ ಸಂಭವವಿದೆಯೇ ಎಂಬುದನ್ನು ಒಂದೊಂದು ಪ್ರಕರಣದಲ್ಲಿಯೂ ವಿಚಾರಿಸಬೇಕೆಂಬ ಮಾತನ್ನು ಎತ್ತಿತು. ನಿಧಿಯವರು ಅದಕ್ಕೆ ಮಣಿಯದೆ ಕುಟುಂಬಕ್ಕೆ 5,000 ಪೌಂಡಿನಂತೆ ಕೊಟ್ಟರು. ಕಲ್ಲಿದ್ದಲು ಮಂಡಲಿ ಕೊಟ್ಟದ್ದು ಮಗುವಿಗೆ 500 ಪೌಂಡು. ರಾಣಿಯ ಕಣ್ಣು ತೇವವಾಗಿತ್ತೇ ಎಂದು ವಾದಿಸಿದ ಅಭಿಮಾನಿಗಳಲ್ಲಿ ಎಷ್ಟು ಮಂದಿ ಈ ಸಂಗತಿಯನ್ನು ಚರ್ಚೆಗೆ ತಂದರೋ ಕಾಣೆ. ಪುಸ್ತಕ ಹುಡುಕಿ ಹೋದ ಎಳೆಯರು ಇದನ್ನು ಕಂಡಿರಲೇಬೇಕು. ಆ ಮಟ್ಟಿಗೆ ಈ ಕಂತು ತನ್ನ ದೋಷವನ್ನು ತಾನೇ ಅರ್ಧ ತೊಳೆದುಕೊಂಡಿದೆ.

ಒಂದು ಶಂಕೆಗೆ ಇಲ್ಲಿ ಅವಕಾಶವುಂಟು. ಧಾರಾವಾಹಿಯ ಹೆಸರೇ ‘ಕಿರೀಟ’. ರಾಣಿಯೇ ಅದರ ನಾಯಿಕೆ. ಆಕೆಯನ್ನು ಕೇಂದ್ರದಲ್ಲಿ ಇಡದೆ ಮಾರ್ಗನ್ನರು ಮತ್ತೇನು ಮಾಡಬೇಕಿತ್ತು? ಪ್ರಶ್ನೆ ನ್ಯಾಯವಾದುದೇ. ಚಿತ್ರೀಕರಣಕ್ಕೆ ಮೊದಲು ನಿರ್ಮಾಪಕರು ಹಳ್ಳಿಯವರನ್ನು ಕಂಡು ಮಾತನಾಡಿದ್ದರೆಂಬುದನ್ನೂ ಮರೆಯಬಾರದು. ಆದರೆ ಅಂದು ಕೆಸರಿನಿಂದ ಬದುಕಿ ಹೊರಬಂದ ಮಕ್ಕಳು ಕಂತು ಬಂದಾಗ ಅರವತ್ತರ ಸುಮಾರಿನವರಾಗಿ ಅದೇ ಕಣಿವೆಯಲ್ಲಿದ್ದರು. ಸ್ವಂತ ಸುಖದುಃಖಗಳಿಗೆ ಪರವಶನಾದವನಿಗೆ ರಸಾಸ್ವಾದವಿಲ್ಲವೆಂದು ಅಭಿನವಗುಪ್ತನು ರಸವಿಘ್ನಗಳಲ್ಲಿ ಒಂದನ್ನು ಹೇಳುತ್ತಾನೆ. ಲಂಡನ್ನಿನ ಪ್ರೇಕ್ಷಕನಿಗೂ ನಮಗೂ ಯಾವುದು ಕರುಣರಸವೋ ಅದು ಅವರಿಗೆ ಶೋಕವೇ. ಇಂಥ ಪ್ರೇಕ್ಷಕರು ಇರುವರೆಂದು ತಿಳಿದು ಬರೆಯುವವನು ನಾಯಿಕೆಯನ್ನು ಕೇಂದ್ರದಲ್ಲಿಟ್ಟರೂ ಕೊನೆಯ ಚಿತ್ರವನ್ನಾದರೂ ಊರಿಗೆ ಬಿಟ್ಟುಕೊಡಬಹುದಾಗಿತ್ತು.

ರಾಣಿಯವರು ಮಿಕ್ಕ ರಾಜಬಂಧುಗಳಿಗಿಂತ ಹೆಚ್ಚು ಸಲ ಅಬರ್‌ವ್ಯಾನಿಗೆ ಹೋದರೆಂದು ಕಂತಿನ ಕೊನೆಯ ಬರಹ ತಿಳಿಸುತ್ತದೆ. ಅವರು ಅಲ್ಲಿಗೆ ಹೋದದ್ದು ನಾಲ್ಕು ಬಾರಿ: 1966, 1973, 1997, 2012. ಬೆಟ್ಟದ ಮೇಲೆ ಉಳಿದಿದ್ದ ಕಸದ ರಾಶಿಗಳನ್ನು ತೆಗೆಸುವ ವೆಚ್ಚಕ್ಕೆಂದು ಸಂತ್ರಸ್ತರ ನಿಧಿಯಿಂದಲೇ ಸರ್ಕಾರ ತೆಗೆದುಕೊಂಡಿದ್ದ 1,50,000 ಪೌಂಡುಗಳನ್ನು ಹಿಂದಿರುಗಿಸಿದ್ದು ಅದೇ 1997ರಲ್ಲಿ, ಬಡ್ಡಿಯಿಲ್ಲದೆ.